ಗಾಳಿಯಿದ್ದೂ ಉಸಿರಿಲ್ಲದ ಕೋಣೆಗಳು

ಹಡಗಿನ ಒಡಲಲ್ಲಿ ಮನುಷ್ಯರು ಅಪರೂಪಕ್ಕೊಮ್ಮೆ ಕಾಲಿಡುವ ಹತ್ತಾರು ಜಾಗಗಳಿರುತ್ತವೆ. ತೂಕ ಸರಿದೂಗಿಸಲು ಸಮುದ್ರದ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕು, ಲಂಗರಿನ ಸರಪಳಿ ಬಂದು ಗುಡ್ಡೆಬೀಳುವ ಚೈನ್ ಲಾಕರ್, ಎರಡು ಟ್ಯಾಂಕುಗಳ ನಡುವೆ ಖಾಲಿ ಬಿಟ್ಟ ಕಾಫರ್‌ಡ್ಯಾಮ್, ಇಂಧನದ ಟ್ಯಾಂಕು, ಸರಕು ತುಂಬುವ ಹೋಲ್ಡ್, ಪಂಪ್ ರೂಮು, ಶೌಚದ ಟ್ಯಾಂಕು, ಬಾಯ್ಲರಿನ ಹೊಟ್ಟೆ. ಇವೆಲ್ಲಕ್ಕೂ ನಾವಿಕರ ಬಾಯಲ್ಲಿ ಒಂದೇ ಹೆಸರು: ಎನ್‌ಕ್ಲೋಸ್ಡ್ ಸ್ಪೇಸ್, ಅಂದರೆ ಮುಚ್ಚಿದ ಜಾಗ. ಅಂತರರಾಷ್ಟ್ರೀಯ ಕಡಲ ಸಂಸ್ಥೆ (ಐಎಂಒ) ಇಂಥ ಜಾಗವನ್ನು ಮೂರು ಗುರುತುಗಳಿಂದ ಹೇಳುತ್ತದೆ: ಒಳಹೋಗಲು, ಹೊರಬರಲು ಇರುವ ದಾರಿ ಕಿರಿದು, ಗಾಳಿಯಾಡುವುದು ಸಾಲದು, ಜನ ಸದಾ ಇದ್ದು ಕೆಲಸ ಮಾಡಲೆಂದು ಕಟ್ಟಿದ್ದಲ್ಲ. ಮೂರರಲ್ಲಿ ಒಂದಿದ್ದರೂ ಅದು ಮುಚ್ಚಿದ ಜಾಗವೇ.

ಇಂಥ ಕೋಣೆಯ ಮುಚ್ಚಳ ತೆಗೆದಾಗ ಹೊಗೆ ಬರುವುದಿಲ್ಲ, ಎಷ್ಟೋ ಸಲ ವಾಸನೆಯೂ ಬರುವುದಿಲ್ಲ. ಟಾರ್ಚು ಬಿಟ್ಟರೆ ಏಣಿ ಕಾಣುತ್ತದೆ, ತಳ ಕಾಣುತ್ತದೆ. ಒಳಗೆ ಗಾಳಿಯೂ ಇರುತ್ತದೆ. ಇಲ್ಲದಿರುವುದು ಆ ಗಾಳಿಯಲ್ಲಿ ಇರಬೇಕಾದ ಆಮ್ಲಜನಕ. ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 20.9. ಅದು ಶೇ 19.5ಕ್ಕಿಂತ ಕೆಳಗಿಳಿದರೆ ಕೆಲಸಕ್ಕೆ ತಕ್ಕದ್ದಲ್ಲವೆಂದು ಹಲವು ದೇಶಗಳ ಸುರಕ್ಷತಾ ನಿಯಮಗಳು ಹೇಳುತ್ತವೆ. ಮುಚ್ಚಿಟ್ಟ ಚೈನ್ ಲಾಕರಿನಲ್ಲೋ ಮರ ತುಂಬಿದ ಹೋಲ್ಡಿನಲ್ಲೋ ಈ ಪಾಲು ಶೇ 10ಕ್ಕೆ, ಶೇ 5ಕ್ಕೆ ಇಳಿದಿರುವುದುಂಟು.

ಆಮ್ಲಜನಕ ಹೋಗುವುದೆಲ್ಲಿಗೆ?

ಮೊದಲ ಕಳ್ಳ ತುಕ್ಕು. ಕಬ್ಬಿಣ ತುಕ್ಕು ಹಿಡಿಯುವುದೆಂದರೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಆಕ್ಸೈಡ್ ಆಗುವುದು. ಬಯಲಲ್ಲಿ ಬಿದ್ದ ಕಬ್ಬಿಣ ಎಷ್ಟು ಹೀರಿದರೂ ಗಾಳಿಗೆ ಕೊರತೆಯಾಗದು. ಮುಚ್ಚಿದ ಉಕ್ಕಿನ ಪೆಟ್ಟಿಗೆಯಲ್ಲಿ ಲೆಕ್ಕ ಬೇರೆ. 5 ಮೀಟರ್ ಉದ್ದ, 5 ಮೀಟರ್ ಎತ್ತರ, 4 ಮೀಟರ್ ಅಗಲದ ಒಂದು ಟ್ಯಾಂಕಿನಲ್ಲಿ 100 ಘನ ಮೀಟರ್ ಗಾಳಿ ಇರುತ್ತದೆ. ಅದರ ತೂಕ ಸುಮಾರು 120 ಕಿಲೊ; ಅದರಲ್ಲಿ ಆಮ್ಲಜನಕ ಸುಮಾರು 28 ಕಿಲೊ. ಇದರ ಅರ್ಧ ಖರ್ಚಾಗಲು 32 ಕಿಲೊ ಕಬ್ಬಿಣ ತುಕ್ಕಾದರೆ ಸಾಕು. ಆ 32 ಕಿಲೊವನ್ನು ಟ್ಯಾಂಕಿನ ಆರೂ ಮೈಗೆ ಹಂಚಿದರೆ ತುಕ್ಕಾದ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು, ತಲೆಗೂದಲಿಗಿಂತ ತೆಳು. ಬಣ್ಣ ಕಿತ್ತುಹೋದ, ಉಪ್ಪುನೀರಿನ ಪಸೆ ಆರದ ಗೋಡೆಗೆ ಇಷ್ಟು ತುಕ್ಕು ಹಿಡಿಯಲು ವರ್ಷಗಳು ಬೇಕಿಲ್ಲ. ಚೈನ್ ಲಾಕರಿನಲ್ಲಿ ಕೆಲಸ ಇನ್ನೂ ಬೇಗ ಆಗುತ್ತದೆ. ಕೋಣೆ ಚಿಕ್ಕದು, ಒಳಗಿರುವ ಸರಪಳಿಯ ಕೊಂಡಿಗಳ ಮೈ ದೊಡ್ಡದು, ಲಂಗರು ಎತ್ತಿದಾಗಲೆಲ್ಲ ಸಮುದ್ರದ ನೀರು, ಕೆಸರು ಜೊತೆಗೇ ಬಂದು ಬೀಳುತ್ತದೆ.

ಎರಡನೆಯದು ಸರಕು. ಧಾನ್ಯ, ಕೊಬ್ಬರಿ, ಹಿಂಡಿ, ಮರದ ದಿಮ್ಮಿ, ಕೊಯ್ದ ಹಲಗೆ, ಮರದ ಪುಡಿಯಿಂದ ಮಾಡಿದ ಪೆಲೆಟ್, ಕಲ್ಲಿದ್ದಲು, ಸ್ಪಾಂಜ್ ಐರನ್, ಲೇತ್ ಯಂತ್ರದಿಂದ ಬೀಳುವ ಉಕ್ಕಿನ ಸಿಪ್ಪೆ, ಗಂಧಕವಿರುವ ಅದಿರು, ಇವೆಲ್ಲ ಹೋಲ್ಡಿನೊಳಗೆ ಸುಮ್ಮನೆ ಕೂರುವುದಿಲ್ಲ. ಕೆಲವು ಉಸಿರಾಡುತ್ತವೆ, ಕೆಲವು ಕೊಳೆಯುತ್ತವೆ, ಕೆಲವು ನಿಧಾನವಾಗಿ ಉತ್ಕರ್ಷಣಗೊಳ್ಳುತ್ತವೆ. ಮೂರೂ ಕೆಲಸಕ್ಕೆ ಬೇಕಾದದ್ದು ಆಮ್ಲಜನಕವೇ.

ಉತ್ತರ ಕರ್ನಾಟಕದ ಹಳೆಯ ರೈತರಿಗೆ ಇದು ಹೊಸ ಸಂಗತಿಯಲ್ಲ. ಜೋಳ ಕೂಡಿಡುತ್ತಿದ್ದ ನೆಲದೊಳಗಿನ ಹಗೇವಿಗೂ ಇದೇ ಗುಣ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಕಾಳಿನ ಉಸಿರಾಟ ಒಳಗಿನ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ತುಂಬುತ್ತದೆ. ಹುಳುಗಳು ಬದುಕಲಾರದೆ ಕಾಳು ಕೆಡದೆ ಉಳಿಯುತ್ತದೆ. ಕಾಳನ್ನು ಕಾಯುವ ಆ ಗಾಳಿಯೇ ಇಳಿದವನನ್ನು ಕೊಲ್ಲುತ್ತದೆ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ; ಬಾಯಿ ತೆರೆದು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುವ ವಾಡಿಕೆಯಿತ್ತು. ಧಾನ್ಯದ ಹಡಗಿನ ಹೋಲ್ಡ್ ಎಂದರೆ ನೀರಿನ ಮೇಲೆ ತೇಲುವ ದೊಡ್ಡ ಹಗೇವು. ಆದರೆ ಕಂದೀಲಿನ ಪರೀಕ್ಷೆ ಹಡಗಿಗೆ ಸಲ್ಲದು. ಸಾಮಾನ್ಯ ದೀಪ ಆರುವುದು ಆಮ್ಲಜನಕ ಶೇ 16ರ ಆಸುಪಾಸಿಗೆ ಬಂದಾಗ. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಗಾಳಿ ಸರಿಯಿದೆ ಎಂದಾಗದು. ಬೆಂಕಿ ಹತ್ತುವ ಅನಿಲ ಒಳಗಿದ್ದರೆ ಆ ದೀಪವೇ ಸಿಡಿತಕ್ಕೆ ಕಿಡಿಯಾಗುತ್ತದೆ.

ಮೂರನೆಯದು, ಬೇರೆ ಅನಿಲ ಬಂದು ಆಮ್ಲಜನಕವನ್ನು ಹೊರದೂಡುವುದು. ಕಚ್ಚಾ ತೈಲದ ಹಡಗುಗಳಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ. ತೈಲದ ಆವಿಗೆ ಬೆಂಕಿ ತಗುಲದಂತೆ ಟ್ಯಾಂಕಿಗೆ ಜಡ ಅನಿಲ ತುಂಬಿ ಆಮ್ಲಜನಕವನ್ನು ಶೇ 8ಕ್ಕಿಂತ ಕೆಳಗಿಡುವುದು ನಿಯಮ. ಬೆಂಕಿಯಿಂದ ಹಡಗನ್ನು ಕಾಯುವ ಆ ವ್ಯವಸ್ಥೆಯೊಳಗೆ ಮನುಷ್ಯ ಕೆಲವೇ ನಿಮಿಷ ಬದುಕಬಲ್ಲ. ರಾಸಾಯನಿಕ ಸಾಗಿಸುವ ಹಡಗುಗಳಲ್ಲಿ ಈ ಕೆಲಸಕ್ಕೆ ಸಾರಜನಕ ಬಳಸುತ್ತಾರೆ. ಎಂಜಿನ್ ಕೋಣೆಯ ಬೆಂಕಿ ಆರಿಸಲು ಇಟ್ಟ ಇಂಗಾಲದ ಡೈಆಕ್ಸೈಡ್ ಸೋರಿದರೂ ಪರಿಣಾಮ ಇದೇ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗಿನಲ್ಲಿ ನೀರಿನಂತೆ ಮಡುಗಟ್ಟುತ್ತದೆ.

ಕೆಟ್ಟ ಗಾಳಿ ಹುಟ್ಟಿದ ಕೋಣೆಯಲ್ಲೇ ಇರುತ್ತದೆ ಎನ್ನುವಂತಿಲ್ಲ. 2008ರ ಜನವರಿಯಲ್ಲಿ ಡೋವರ್ ಜಲಸಂಧಿಯಲ್ಲಿ ಸಾಗುತ್ತಿದ್ದ ‘ಸಾವಾ ಲೇಕ್’ ಹಡಗಿನ ಮುಂಭಾಗದ ಉಗ್ರಾಣದಲ್ಲಿ ಇಬ್ಬರು ನಾವಿಕರು ಸತ್ತರು. ಅವರು ಇಳಿದದ್ದು ಸಾಮಾನು ಇಡುವ ಕೋಣೆಗೆ. ಪಕ್ಕದ ಹೋಲ್ಡಿನಲ್ಲಿದ್ದ ಉಕ್ಕಿನ ಸಿಪ್ಪೆ ಆಮ್ಲಜನಕವನ್ನು ಹೀರಿತ್ತು, ಆ ಗಾಳಿ ಉಗ್ರಾಣಕ್ಕೂ ಹರಿದಿತ್ತು. 2014ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಗೂಲ್ ಬಂದರಿನಲ್ಲಿ ಕೊಯ್ದ ಮರ ಇಳಿಸುತ್ತಿದ್ದ ‘ಸುಂಟಿಸ್’ ಹಡಗಿನಲ್ಲಿ ಮೂವರು ಸತ್ತದ್ದು ಹೋಲ್ಡಿಗೆ ಇಳಿಯುವ ಏಣಿಯ ಪುಟ್ಟ ಕೋಣೆಯಲ್ಲಿ. ತನಿಖೆಯ ವೇಳೆ ಅಳೆದಾಗ ಡೆಕ್ಕಿನ ತುಸು ಕೆಳಗೆ ಆಮ್ಲಜನಕ ಶೇ 10, ಏಣಿಯ ಬುಡದಲ್ಲಿ ಶೇ 5ರಿಂದ 6 ಇತ್ತು. ಮೇಲೆ ತೆರೆದ ಆಕಾಶ, ಕೆಲವು ಮೆಟ್ಟಿಲು ಕೆಳಗೆ ಸಾವು.

ಮೈ ಯಾಕೆ ಎಚ್ಚರಿಸುವುದಿಲ್ಲ?

ಉಸಿರು ಕಟ್ಟಿದರೆ ಎದೆ ಬಡಿದುಕೊಂಡು, ಗಾಳಿಗಾಗಿ ಒದ್ದಾಡಿ ಹೇಗಾದರೂ ಹೊರಬರಬಹುದು ಎಂಬುದು ಸಾಮಾನ್ಯ ನಂಬಿಕೆ. ಮೂಗು ಬಾಯಿ ಮುಚ್ಚಿದಾಗ ಆಗುವುದು ಹಾಗೇ. ಆದರೆ ಆ ಸಂಕಟ ಹುಟ್ಟುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡದ್ದರಿಂದ. ತುಕ್ಕು ಹಿಡಿದ ಟ್ಯಾಂಕಿನಲ್ಲೋ ಸಾರಜನಕ ತುಂಬಿದ ಕೋಣೆಯಲ್ಲೋ ಮನುಷ್ಯ ಸರಾಗವಾಗಿ ಉಸಿರಾಡುತ್ತಲೇ ಇರುತ್ತಾನೆ. ಇಂಗಾಲದ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಿರುತ್ತದೆ. ಹೀಗಾಗಿ ಮೈಗೆ ಏನೂ ತಪ್ಪು ಕಾಣುವುದಿಲ್ಲ.

ಆಮ್ಲಜನಕ ಶೇ 16ಕ್ಕೆ ಇಳಿದರೆ ನಾಡಿ ಏರುತ್ತದೆ, ಕೈಕಾಲಿನ ಹೊಂದಾಣಿಕೆ ತಪ್ಪತೊಡಗುತ್ತದೆ. ಶೇ 14ರಲ್ಲಿ ವಿವೇಚನೆ ಮಂಕಾಗುತ್ತದೆ. ಈ ಹಂತವೇ ಮೋಸದ ಹಂತ. ಅಪಾಯವನ್ನು ಅಳೆಯಬೇಕಾದ ಮಿದುಳೇ ಮೊದಲು ಸೋಲುವುದರಿಂದ ಆತನಿಗೆ ತಾನು ಚೆನ್ನಾಗಿಯೇ ಇದ್ದೇನೆ ಅನ್ನಿಸುತ್ತಿರುತ್ತದೆ. ಶೇ 10ಕ್ಕೆ ಬಂದರೆ ತುಟಿ ನೀಲಿಗಟ್ಟುತ್ತದೆ, ವಾಕರಿಕೆ ಬರುತ್ತದೆ, ಎಚ್ಚರ ತಪ್ಪಬಹುದು. ಶೇ 6ಕ್ಕಿಂತ ಕೆಳಗೆ ಒಂದು ನಿಮಿಷವೂ ಹಿಡಿಯದೆ ಪ್ರಜ್ಞೆ ಹೋಗುತ್ತದೆ. ಆಮ್ಲಜನಕ ತೀರಾ ಇಲ್ಲದ ಗಾಳಿಯಾದರೆ ಶ್ವಾಸಕೋಶದ ಕೆಲಸವೇ ತಿರುಗುಮುರುಗಾಗುತ್ತದೆ. ರಕ್ತದಲ್ಲಿರುವ ಆಮ್ಲಜನಕವೂ ಶ್ವಾಸಕೋಶದ ಮೂಲಕ ಹೊರಕ್ಕೆ ಹರಿಯುತ್ತದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಏಣಿಯ ಮೇಲಿದ್ದವನು ಕೈಬಿಟ್ಟು ಬೀಳಬಹುದು. ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗದು. ಉಸಿರು ಬಿಗಿಹಿಡಿದು ಓಡಿಹೋಗಿ ಎಳೆದು ತರುತ್ತೇನೆ ಎನ್ನುವ ಮಾತು ನಿಲ್ಲದಿರುವುದು ಇಲ್ಲಿಯೇ. ಎಪ್ಪತ್ತು ಕಿಲೊ ತೂಕದ ಮೈಯನ್ನು ಎತ್ತಲು ಹೋದವನು ಉಸಿರೆಳೆಯದೆ ಇರಲಾರ.

ಒಂದು ಸಪ್ಪಳ, ಮೂರು ಜೀವ

2007ರ ಸೆಪ್ಟೆಂಬರ್ 23ರಂದು ಉತ್ತರ ಸಮುದ್ರದ ದಕ್ಷಿಣ ಭಾಗದಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ ‘ವೈಕಿಂಗ್ ಐಲೇ’ ಎಂಬ ಹಡಗು ಕಾವಲು ಕೆಲಸದಲ್ಲಿತ್ತು. ಸಮುದ್ರದ ನಡುವೆ ಅನಿಲ ತೆಗೆಯುವ ರಿಗ್ಗಿನಲ್ಲಿ ಅವಘಡವಾದರೆ ಧಾವಿಸಿ ಜನರನ್ನು ಉಳಿಸುವುದೇ ಅದರ ಕಾಯಕ. ಅಲ್ಲಿದ್ದವರು ರಕ್ಷಣೆಯ ತರಬೇತಿ ಪಡೆದವರು.

ಹಡಗು ಅಲೆಗೆ ಓಲಾಡಿದಾಗ ಲಂಗರಿನ ಸರಪಳಿ ತನ್ನ ಕೊಳವೆಗೆ ಬಡಿದು ಸಪ್ಪಳ ಮಾಡುತ್ತಿತ್ತು. ಅದನ್ನು ಬಿಗಿದು ಕಟ್ಟಲೆಂದು ಇಬ್ಬರು ನಾವಿಕರು ಚೈನ್ ಲಾಕರಿನ ಬಳಿ ಹೋದರು. ಒಬ್ಬ ಇಳಿದ, ಕುಸಿದ. ಮೇಲಿದ್ದವನು ಅಪಾಯದ ಸುದ್ದಿ ಮುಟ್ಟಿಸಿ, ಜೊತೆಗಾರನನ್ನು ಎತ್ತಲು ತಾನೂ ಇಳಿದ; ಅವನೂ ಬಿದ್ದ. ಸುದ್ದಿ ಕೇಳಿ ಬಂದ ಮೂರನೆಯವನು ತಪ್ಪು ಮಾಡಬಾರದೆಂದೇ ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಉಸಿರಾಟದ ಸಾಧನ ಧರಿಸಿದ. ಆದರೆ ಅದನ್ನು ಹೊತ್ತು ಲಾಕರಿನ ಕಿರುಬಾಯಿಯೊಳಗೆ ತೂರಲಾಗಲಿಲ್ಲ. ಅದನ್ನು ಕಳಚಿ, ಹೊಗೆ ತುಂಬಿದ ಕಡೆಯಿಂದ ತಪ್ಪಿಸಿಕೊಂಡು ಹೊರಬರಲೆಂದು ಇಟ್ಟಿರುವ ಚಿಕ್ಕ ಮುಸುಕಿನ ಸಾಧನ ಹಾಕಿಕೊಂಡು ಇಳಿದ. ಆ ಸಾಧನ ಓಡಿಹೋಗುವುದಕ್ಕೆ ಮಾಡಿದ್ದು, ಒಳಹೊಕ್ಕು ಕೆಲಸ ಮಾಡುವುದಕ್ಕಲ್ಲ. ಮುಸುಕು ಮುಖದಿಂದ ಸರಿಯಿತು. ಮೂವರೂ ಸತ್ತರು. ಲಾಕರಿನಲ್ಲಿ ವಿಷಾನಿಲವೇನೂ ಇರಲಿಲ್ಲ. ಸರಪಳಿಗೂ ಗೋಡೆಗೂ ಹಿಡಿದ ತುಕ್ಕು ಆಮ್ಲಜನಕವನ್ನು ಮುಗಿಸಿತ್ತು.

ಇದಾದ ಒಂಬತ್ತು ತಿಂಗಳೊಳಗೆ ಸಾವಾ ಲೇಕ್ ಹಡಗಿನಲ್ಲಿ ಇಬ್ಬರು, ಸೌತಾಂಪ್ಟನ್ ಬಂದರಿನಲ್ಲಿದ್ದ ‘ಸಾಗಾ ರೋಸ್’ ಪ್ರವಾಸಿ ಹಡಗಿನ ಬ್ಯಾಲಾಸ್ಟ್ ಟ್ಯಾಂಕಿನಲ್ಲಿ ಒಬ್ಬ ಅನುಭವಿ ನಾವಿಕ ಸತ್ತರು. ಬ್ರಿಟನ್ನಿನ ಕಡಲ ಅಪಘಾತ ತನಿಖಾ ಸಂಸ್ಥೆ 2008ರಲ್ಲಿ ಈ ಮೂರೂ ಘಟನೆಗಳನ್ನು ಒಟ್ಟಿಗೆ ಇಟ್ಟು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು.

ಮೊದಲನೆಯವನ ಸಾವಿಗೆ ಅರಿವಿನ ಕೊರತೆ ಕಾರಣವಿರಬಹುದು. ಎರಡನೆಯವನ, ಮೂರನೆಯವನ ಸಾವಿಗೆ ಕಾರಣ ಬೇರೆ. ಕಣ್ಣೆದುರು ಜೊತೆಗಾರ ಬಿದ್ದಿದ್ದಾನೆ, ಇನ್ನೂ ಜೀವವಿರಬಹುದು, ಹತ್ತು ಅಡಿ ಇಳಿದರೆ ಕೈಗೆ ಸಿಗುತ್ತಾನೆ. ಆ ಗಳಿಗೆಯಲ್ಲಿ ಸುಮ್ಮನೆ ನಿಲ್ಲುವುದು ಮನುಷ್ಯ ಸ್ವಭಾವಕ್ಕೆ ವಿರುದ್ಧ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಉಳಿಸಲು ಹೋದವರು ಎಂದು ಹೇಳಿತ್ತು. ಹಡಗಿನ ನಿಯಮಗಳು ಬಹುಪಾಲು ತಡೆಯಲು ನೋಡುವುದು ಈ ಒಳ್ಳೆಯತನದ ಧಾವಂತವನ್ನೇ.

ಇಳಿಯುವ ಮುನ್ನ

ಐಎಂಒ 1997ರಲ್ಲಿ ಮೊದಲು, 2011ರಲ್ಲಿ ಪರಿಷ್ಕರಿಸಿ ಮತ್ತೊಮ್ಮೆ ಮುಚ್ಚಿದ ಜಾಗಗಳ ಬಗ್ಗೆ ಶಿಫಾರಸುಗಳನ್ನು ಹೊರತಂದಿತು. ಸೋಲಾಸ್ ಎಂದು ಕರೆಯುವ ಕಡಲ ಸುರಕ್ಷತಾ ಒಪ್ಪಂದದ ಪ್ರಕಾರ 2015ರ ಜನವರಿ 1ರಿಂದ ಮುಚ್ಚಿದ ಜಾಗದ ಪ್ರವೇಶ, ರಕ್ಷಣೆಯ ಹೊಣೆ ಹೊತ್ತ ಸಿಬ್ಬಂದಿ ಎರಡು ತಿಂಗಳಿಗೊಮ್ಮೆ ಅದರ ಅಣಕು ಕಾರ್ಯಾಚರಣೆ ನಡೆಸಬೇಕು. 2016ರ ಜುಲೈ 1ರಿಂದ ಒಪ್ಪಂದದ ವ್ಯಾಪ್ತಿಗೆ ಬರುವ ಹಡಗುಗಳಲ್ಲಿ ಗಾಳಿ ಅಳೆಯುವ ಕೈಮೀಟರ್ ಕಡ್ಡಾಯ. ಅದು ಕನಿಷ್ಠ ನಾಲ್ಕನ್ನು ಅಳೆಯಬೇಕು: ಆಮ್ಲಜನಕ, ಬೆಂಕಿ ಹತ್ತುವ ಅನಿಲ, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್.

ನಿಯಮದ ಸಾರ ಸರಳ. ಪರೀಕ್ಷಿಸುವವರೆಗೂ ಪ್ರತಿ ಮುಚ್ಚಿದ ಜಾಗವೂ ಅಪಾಯದ್ದೇ ಎಂದು ತಿಳಿಯಬೇಕು. ನಿನ್ನೆ ಇಳಿದು ಬಂದ ಟ್ಯಾಂಕೂ ಇಂದು ಹೊಸ ಟ್ಯಾಂಕೇ. ಮೊದಲು ಆ ಜಾಗಕ್ಕೆ ಬಂದು ಸೇರುವ ಕೊಳವೆಗಳನ್ನೆಲ್ಲ ಬಂದ್ ಮಾಡಬೇಕು. ಆಮೇಲೆ ಬ್ಲೋವರಿನ ಕೊಳವೆಯನ್ನು ತಳದವರೆಗೆ ಇಳಿಸಿ ಹೊರಗಿನ ಗಾಳಿ ತುಂಬಬೇಕು. ಮುಚ್ಚಳ ತೆರೆದಿಟ್ಟರೆ ಸಾಲದು. ಸಿಲಿಂಡರಿನ ಶುದ್ಧ ಆಮ್ಲಜನಕವನ್ನು ಬಿಡುವುದಂತೂ ಎಂದಿಗೂ ಕೂಡದು. ಆಮ್ಲಜನಕ ಹೆಚ್ಚಾದ ಕಡೆ ಬಟ್ಟೆ, ಎಣ್ಣೆ, ಬಣ್ಣ ಎಲ್ಲವೂ ಭಗ್ಗನೆ ಹೊತ್ತಿಕೊಳ್ಳುತ್ತವೆ.

ಆಮೇಲೆ ಅಳತೆ. ಮೀಟರನ್ನು ಕೈಯಲ್ಲಿ ಹಿಡಿದು ಇಳಿಯುತ್ತ ಅಳೆಯುವುದಲ್ಲ. ಹೊರಗೆ ನಿಂತೇ ಉದ್ದನೆಯ ನಳಿಗೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಗಾಳಿ ಹೀರಿ ನೋಡಬೇಕು. ಗಾಳಿಗಿಂತ ಭಾರದ ಅನಿಲ ತಳದಲ್ಲಿ, ಮೀಥೇನಿನಂಥ ಹಗುರದ್ದು ಮೇಲೆ ಸೇರುವುದರಿಂದ ಒಂದೇ ಕಡೆಯ ಅಳತೆಯನ್ನು ನಂಬುವಂತಿಲ್ಲ. ಬ್ಲೋವರ್ ಓಡುತ್ತಿರುವಾಗ ಅದರ ಬಾಯಲ್ಲಿ ಬರುವ ಗಾಳಿಯನ್ನೇ ಅಳೆದು ಸಮಾಧಾನಪಡುವ ಅಪಾಯವಿದೆ. ಆದ್ದರಿಂದ ಅದನ್ನು ಕೆಲಹೊತ್ತು ನಿಲ್ಲಿಸಿ, ಗಾಳಿ ನೆಲೆನಿಂತ ಮೇಲೆ ಅಳೆಯುತ್ತಾರೆ. ಮೂಲೆಮುಡುಕು, ಅಡ್ಡಪಟ್ಟಿಗಳ ಸಂದಿಯಲ್ಲಿ ಕೆಟ್ಟ ಗಾಳಿ ಉಳಿದೇ ಇರಬಹುದು. ಹೀಗಾಗಿ ಇಳಿದವರ ಬಳಿಯೂ ಸದಾ ಓಡುವ ಮೀಟರ್ ಇರಬೇಕು, ಕೆಲಸ ನಡೆಯುವಷ್ಟು ಹೊತ್ತೂ ಗಾಳಿ ಹಾಕುತ್ತಲೇ ಇರಬೇಕು. ಊಟಕ್ಕೆಂದು ಮೇಲೆ ಬಂದರೆ ಮತ್ತೆ ಇಳಿಯುವ ಮುನ್ನ ಮತ್ತೆ ಅಳತೆ.

ಮೀಟರಿನ ಅಂಕಿಯನ್ನು ಓದುವುದರಲ್ಲೂ ಒಂದು ಸೂಕ್ಷ್ಮವಿದೆ. ಆಮ್ಲಜನಕ ಶೇ 20.9ರಿಂದ 20.8ಕ್ಕೆ ಇಳಿದರೆ ಅದು ಲೆಕ್ಕಕ್ಕಿಲ್ಲದ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಬೇರೆ ಅನಿಲ ಸೇರಿದ್ದರಿಂದ ಹಾಗಾಗಿದ್ದರೆ, ಅಲ್ಲಿ ಹತ್ತು ಲಕ್ಷ ಪಾಲು ಗಾಳಿಗೆ ಸುಮಾರು 5,000 ಪಾಲು ಆ ಅನಿಲವಿದೆ ಎಂದರ್ಥ. ಗಾಳಿಯ ಐದನೆಯ ಒಂದು ಪಾಲು ಮಾತ್ರ ಆಮ್ಲಜನಕವಾದ್ದರಿಂದ, ಅದು ಒಂದು ಅಂಶ ತಗ್ಗಬೇಕಾದರೆ ಐದು ಅಂಶ ಬೇರೇನೋ ಸೇರಿರಬೇಕು. ಅದು ಕಾರ್ಬನ್ ಮೊನಾಕ್ಸೈಡ್ ಆಗಿದ್ದರೆ ಅಷ್ಟು ಪ್ರಮಾಣ ಅರ್ಧ ಗಂಟೆಯೊಳಗೆ ಕೊಲ್ಲಬಲ್ಲದು. ಮರದ ಪೆಲೆಟ್‌ಗಳು ಆಮ್ಲಜನಕವನ್ನು ಹೀರುವುದರ ಜೊತೆಗೆ ಈ ಅನಿಲವನ್ನೂ ಬಿಡುತ್ತವೆ. 2006ರ ನವೆಂಬರಿನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಬಂದರಿನಲ್ಲಿ ಪೆಲೆಟ್ ಹೊತ್ತು ಬಂದ ಹಡಗೊಂದರ ಹೋಲ್ಡಿನ ಪಕ್ಕದ ಮೆಟ್ಟಿಲಿನಲ್ಲಿ ಒಬ್ಬ ನಾವಿಕ ಸತ್ತ, ಬಂದರಿನ ಕೆಲಸಗಾರನೊಬ್ಬ ತೀವ್ರವಾಗಿ ಅಸ್ವಸ್ಥನಾದ. ಅದಕ್ಕೇ ಆಮ್ಲಜನಕದ ಅಂಕಿಯೊಂದನ್ನೇ ನೋಡಿ ಇಳಿಯಬಾರದು ಎನ್ನುವುದು.

ಇಷ್ಟಾದ ಮೇಲೆ ಎಂಟ್ರಿ ಪರ್ಮಿಟ್. ಯಾವ ಜಾಗ, ಯಾರು ಇಳಿಯುತ್ತಾರೆ, ಮೀಟರ್ ಎಷ್ಟು ತೋರಿಸಿತು, ಎಷ್ಟು ಹೊತ್ತಿನವರೆಗೆ ಅನುಮತಿ ಎಂಬುದನ್ನೆಲ್ಲ ಬರೆದು ಹೊಣೆಯುಳ್ಳ ಅಧಿಕಾರಿ ಸಹಿ ಹಾಕುವ ಚೀಟಿ ಅದು. ಗಾಳಿ ಹಾಕುವ ಯಂತ್ರ ನಿಂತರೆ ಪರ್ಮಿಟ್ಟೂ ರದ್ದು, ಒಳಗಿದ್ದವರು ಹೊರಗೆ. ಬಾಯಿಯ ಬಳಿ ಒಬ್ಬ ಕಾವಲಿರಬೇಕು. ಅವನ ಕೆಲಸ ಒಳಗಿನವರೊಂದಿಗೆ ಮಾತು ತಪ್ಪದಂತೆ ನೋಡಿಕೊಳ್ಳುವುದು, ಏನಾದರೂ ಆದರೆ ಅಲಾರಂ ಕೊಡುವುದು. ತಾನು ಇಳಿಯುವುದು ಅವನ ಕೆಲಸವಲ್ಲ. ಎತ್ತಲು ಬರುವ ತಂಡ ಸಿಲಿಂಡರಿನ ಉಸಿರಾಟದ ಸಾಧನ, ಸೊಂಟಪಟ್ಟಿ, ಹಗ್ಗದೊಂದಿಗೆ ಬರಬೇಕು. ಆ ಸಾಧನ ಹೊತ್ತು ಆ ಬಾಯಿಯಲ್ಲಿ ತೂರಲು ಆಗುತ್ತದೆಯೇ ಎಂಬುದು ಗೊತ್ತಾಗಬೇಕಾದದ್ದು ಅಣಕು ಕಾರ್ಯಾಚರಣೆಯ ದಿನ, ಅವಘಡದ ದಿನವಲ್ಲ. ತೈಲ ಹಡಗು ಮತ್ತು ಬೃಹತ್ ಸರಕು ಹಡಗುಗಳಲ್ಲಿ ಸರಕಿನ ಭಾಗದ ಅಡ್ಡ ಬಾಯಿಗಳು ಕನಿಷ್ಠ 600 ಮಿಲಿಮೀಟರ್ ಉದ್ದಗಲ ಇರಬೇಕೆಂಬ ನಿಯಮ ಹುಟ್ಟಿದ್ದೂ ಸಾಧನ ಹೊತ್ತವರು ತೂರಲೆಂದೇ. ಚಿಕ್ಕ, ಹಳೆಯ ಹಡಗುಗಳಲ್ಲಿ ಅಷ್ಟು ಜಾಗವೂ ಸಿಗದಿರಬಹುದು.

ಇಷ್ಟೆಲ್ಲ ನಿಯಮವಿದ್ದೂ ಸಾವು ನಿಲ್ಲದಿರುವುದಕ್ಕೆ ಕಾರಣ ಕೆಲಸದ ರೀತಿಯಲ್ಲೇ ಇದೆ. ಬಂದರಿನಲ್ಲಿ ನಿಂತ ಹಡಗಿಗೆ ಗಂಟೆಗಂಟೆಗೂ ಖರ್ಚು. ಸಿಬ್ಬಂದಿ ಕಡಿಮೆ, ಮುಂದಿನ ಸರಕಿಗೆ ಹೋಲ್ಡ್ ಗುಡಿಸಿ ಸಿದ್ಧವಾಗಬೇಕು. ಐದು ನಿಮಿಷದ ಕೆಲಸಕ್ಕೆ ಎರಡು ಗಂಟೆ ಗಾಳಿ ಹಾಕಿ, ಚೀಟಿ ಬರೆದು, ನಾಲ್ವರನ್ನು ನಿಲ್ಲಿಸುವುದು ದಂಡವೆಂದು ತೋರುತ್ತದೆ. ಹಿಂದೆ ಹತ್ತು ಸಲ ಹಾಗೇ ಇಳಿದು ಸುಖವಾಗಿ ಬಂದಿದ್ದರಂತೂ ಹನ್ನೊಂದನೆಯ ಸಲ ಅನುಮಾನವೇ ಬರುವುದಿಲ್ಲ. ಇಳಿದು ಹತ್ತಿ ರೂಢಿಯಾದವರೇ ಹೆಚ್ಚಾಗಿ ಸಾಯುವುದು ಇದರಿಂದ.

ಕರಾವಳಿಯ ಮಾತು

ಕರ್ನಾಟಕದ ಕರಾವಳಿಗೆ ಇದು ದೂರದ ಸುದ್ದಿಯಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮನೆಗಳಿಂದ ಹೋದ ಹುಡುಗರು ತೈಲ ಹಡಗು, ಸರಕು ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಕಚ್ಚಾ ತೈಲ, ಕಲ್ಲಿದ್ದಲು, ಮರದ ದಿಮ್ಮಿ ಹೊತ್ತ ಹಡಗುಗಳು ಬರುತ್ತವೆ. ಸರಕು ಇಳಿಸಲು ಹೋಲ್ಡಿಗೆ ಇಳಿಯುವ ಬಂದರಿನ ಕೆಲಸಗಾರನಿಗೂ ಅಪಾಯ ನಾವಿಕನಷ್ಟೇ ಇದೆ. ಗೂಲ್‌ನಲ್ಲಿ, ಹೆಲ್ಸಿಂಗ್‌ಬೋರಿಯಲ್ಲಿ ಅವಘಡ ನಡೆದದ್ದು ಹಡಗು ದಡಕ್ಕೆ ಕಟ್ಟಿದ್ದಾಗಲೇ.

ಮಲ್ಪೆ, ಮಂಗಳೂರಿನ ಮೀನುಗಾರಿಕಾ ಬೋಟುಗಳಿಗೆ ಸೋಲಾಸ್‌ನ ಈ ನಿಯಮಗಳು ಅನ್ವಯಿಸುವುದಿಲ್ಲ. ಆದರೆ ಮೀನು ತುಂಬುವ ಕೆಳಗಿನ ಕೋಣೆಯೂ ಮುಚ್ಚಿದ ಜಾಗವೇ. ಐಸು ಕರಗಿ, ಉಳಿದ ಮೀನು ಕೊಳೆತರೆ ಆಮ್ಲಜನಕ ತಗ್ಗುತ್ತದೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಹೆಚ್ಚಾದಾಗ ಮೂಗಿನ ನರವನ್ನೇ ಮಂಕು ಮಾಡುತ್ತದೆ. ವಾಸನೆ ಹೋಯಿತು ಎಂದರೆ ಅನಿಲ ಹೋಯಿತು ಎಂದಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬ ಕುಸಿದಾಗ ಉಳಿದವರು ಅವನನ್ನು ಎತ್ತಲು ಇಳಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಸತ್ತರು. ಅದು ಹಡಗಲ್ಲ, ನೆಲದ ಮೇಲಿನ ಟ್ಯಾಂಕು. ಸಾವು ಬಂದ ಕ್ರಮ ಮಾತ್ರ ವೈಕಿಂಗ್ ಐಲೇಯದ್ದೇ.

ಹಡಗಾಗಲಿ, ಬೋಟಾಗಲಿ, ಬಾವಿಯಾಗಲಿ, ಒಳಗೆ ಬಿದ್ದವನನ್ನು ಕಂಡಾಗ ಮಾಡಬೇಕಾದ ಕೆಲಸಗಳ ಸಾಲು ಒಂದೇ. ಮೊದಲು ಕೂಗಿ ಜನ ಸೇರಿಸಬೇಕು, ಅಲಾರಂ ಕೊಡಬೇಕು. ಎರಡನೆಯದಾಗಿ, ಸಿಕ್ಕ ಬ್ಲೋವರಿನಿಂದ ಒಳಕ್ಕೆ ಗಾಳಿ ಬಿಡಬೇಕು. ಬಿದ್ದವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲೆ ನಿಂತೇ ಎಳೆಯಬೇಕು. ಸಿಲಿಂಡರಿನ ಗಾಳಿ ಉಸಿರಾಡುತ್ತ ಇಳಿಯಬಲ್ಲ ತಂಡ ಬರುವವರೆಗೆ ಬಾಯಿಯ ಬಳಿ ನಿಂತವನು ಅಲ್ಲೇ ನಿಲ್ಲಬೇಕು, ಬೇರೆಯವರನ್ನೂ ಇಳಿಯಗೊಡಬಾರದು.